ಫೋಟೋ ಪ್ರಿಂಟರ್‌ನಲ್ಲಿ ಬಿಳಿ ಗೆರೆ, ಕೆಂಪು ಮುಖ, ಒಣಗದ ಇಂಕ್: ರಿಪೇರಿಗೆ ಕೊಡುವ ಮುಂಚೆ ಏನೇನು ನೋಡಬೇಕು?

ಗೊಂಬೆಮನೆ · ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಆರು ಬಣ್ಣದ ಇಂಕ್ ಟ್ಯಾಂಕ್ ಫೋಟೋ ಪ್ರಿಂಟರ್ ಇದೆ. ಅಣ್ಣನ ಮಗುವಿನ ನಾಮಕರಣದ ಫೋಟೋಗಳನ್ನು ಆಲ್ಬಂಗೆ ಹಾಕೋಣ ಅಂತ ಕೂತರೆ ಎಲ್ಲ ತೊಂದರೆಗಳೂ ಒಟ್ಟಿಗೆ ಶುರುವಾಗಿವೆ. ಫೋಟೋ ಮೇಲೆ ಅಡ್ಡಡ್ಡ ಸಣ್ಣ ಬಿಳಿ ಗೆರೆಗಳು. ಎಲ್ಲರ ಮುಖವೂ ಬಿಸಿಲಲ್ಲಿ ಬೆಂದ ಹಾಗೆ ಕೆಂಪು. ಹಿಂದಿನ ನೀಲಿ ಆಕಾಶ ತಿಳಿ ಗುಲಾಬಿಯಾಗಿದೆ. ಜೊತೆಗೆ ಮೊಬೈಲ್‌ನಲ್ಲಿ ಕಾಣುವುದಕ್ಕಿಂತ ಪ್ರಿಂಟ್ ಕಪ್ಪಾಗಿ ಬರುತ್ತದೆ.

ಹೆಡ್ (ಹಾಳೆ ಮೇಲೆ ಇಂಕ್ ಸಿಂಪಡಿಸುವ ಭಾಗ) ಕ್ಲೀನಿಂಗ್ ಬೇಕಾದಷ್ಟು ಸಲ ಕೊಟ್ಟಾಯಿತು. ಅಂಗಡಿಯಲ್ಲಿ ಕೇಳಿದರೆ ಮಷಿನ್ ತೆರೆದೂ ನೋಡದೆ "ಹೆಡ್ ಹೋಗಿದೆ, ಹೊಸದು ಹಾಕಬೇಕು" ಅಂದರು. ಅವರು ಹೇಳಿದ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸ ಪ್ರಿಂಟರೇ ಬರುತ್ತದೆ. ನಿಜವಾಗಲೂ ಹೆಡ್ ಹೋಗಿದೆಯಾ ಅಂತ ಮನೆಯಲ್ಲೇ ತಿಳಿಯಲು ದಾರಿ ಇದೆಯಾ?

ಟೂಲ್‌ಬಾಕ್ಸ್ · ಹುಬ್ಬಳ್ಳಿ

ಮೊದಲು ಆ ಕ್ಲೀನಿಂಗ್ ನಿಲ್ಲಿಸಿ ಮೇಡಂ. ಪ್ರಿಂಟರ್ ರಿಪೇರಿ ನನ್ನ ಹೊಟ್ಟೆಪಾಡು, ಆದರೂ ಹೇಳುತ್ತೇನೆ: ಬರೀ ಫೋಟೋ ನೋಡಿ ಹೆಡ್ ಹೋಗಿದೆ ಅಂತ ಯಾರಿಗೂ ಹೇಳಲು ಆಗುವುದಿಲ್ಲ. ನಾಝಲ್ ಅಂದರೆ ಹೆಡ್ಡಿನಲ್ಲಿ ಇಂಕ್ ಬೀಳುವ ಸಣ್ಣ ತೂತು; ನಾಝಲ್ ಚೆಕ್ ಹಾಳೆ ನೋಡಬೇಕು.

ಪ್ರಿಂಟರ್ ಸಾಫ್ಟ್‌ವೇರ್‌ನ ಮೆಂಟೆನೆನ್ಸ್ ಭಾಗದಲ್ಲಿ ನಾಝಲ್ ಚೆಕ್ ಅಂತ ಇರುತ್ತದೆ. ಸಾದಾ ಎ4 ಹಾಳೆ ಸಾಕು, ಫೋಟೋ ಪೇಪರ್ ದಂಡ ಮಾಡಬೇಡಿ. ಒಂದೊಂದು ಬಣ್ಣಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಗೆರೆಗಳು ಬರುತ್ತವೆ. ಒಂದು ಗೆರೆ ಕಾಣೆಯಾದರೆ ಒಂದು ತೂತಿನಿಂದ ಇಂಕ್ ಬೀಳುತ್ತಿಲ್ಲ ಅಂತ ಅರ್ಥ. ಹಳದಿ ಗೆರೆಗಳು ಬಿಳಿ ಹಾಳೆ ಮೇಲೆ ಸರಿಯಾಗಿ ಕಾಣುವುದಿಲ್ಲ. ನೀಲಿ ಬಣ್ಣದ ಪ್ಲಾಸ್ಟಿಕ್ ಹಾಳೆ ಹಿಡಿದು ನೋಡಿ, ಕಪ್ಪಾಗಿ ಎದ್ದು ಕಾಣುತ್ತವೆ.

ಈಗ ಒಂದು ಹಾಳೆ ತೆಗೆಯಿರಿ. ಆಮೇಲೆ ಒಂದೇ ಒಂದು ಕ್ಲೀನಿಂಗ್ ಕೊಟ್ಟು ಇನ್ನೊಂದು ಹಾಳೆ ತೆಗೆಯಿರಿ. ಎರಡನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಎರಡರಲ್ಲೂ ಅದೇ ಜಾಗದ ಗೆರೆಗಳು ಕಾಣೆಯಾಗಿದ್ದರೆ ಅಲ್ಲಿ ಇಂಕ್ ಒಣಗಿ ಕೂತಿದೆ. ಮೊದಲ ಹಾಳೆಯಲ್ಲಿ ಇಲ್ಲದ ಗೆರೆ ಎರಡನೆಯದರಲ್ಲಿ ಬಂದು, ಇದ್ದದ್ದು ಮಾಯವಾಗಿದ್ದರೆ ಅದು ಗಾಳಿ. ಹೆಡ್ಡಿಗೆ ಇಂಕ್ ಸರಿಯಾಗಿ ತಲುಪುತ್ತಿಲ್ಲ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಗಾಳಿ ಸೇರಿದ್ದಕ್ಕೆ ಒಂದರ ಹಿಂದೆ ಒಂದು ಕ್ಲೀನಿಂಗ್ ಕೊಟ್ಟರೆ ಇನ್ನಷ್ಟು ಕೆಡುತ್ತದೆ.

ಇದರ ಜೊತೆ ಟ್ಯಾಂಕ್‌ಗಳಲ್ಲಿ ಇಂಕ್ ಎಷ್ಟಿದೆ, ಪ್ರಿಂಟರನ್ನು ಹೇಗೆ ಆಫ್ ಮಾಡುತ್ತೀರಿ, ಯಾವ ಪೇಪರ್ ಅಂತಲೂ ಹೇಳಿ.

ಗೊಂಬೆಮನೆ · ಮೈಸೂರು

ಎರಡು ಹಾಳೆ ತೆಗೆದೆ ಸರ್. ತಿಳಿ ನೀಲಿಯಲ್ಲಿ, ಅಂದರೆ ಲೈಟ್ ಸಯಾನ್‌ನಲ್ಲಿ, ಅರ್ಧದಷ್ಟು ಗೆರೆಗಳೇ ಇಲ್ಲ. ಕಪ್ಪಿನಲ್ಲಿ ಒಂದೆರಡು ಇಲ್ಲ. ಮಿಕ್ಕ ಬಣ್ಣ ಪೂರ್ತಿ ಇವೆ. ನೀವು ಹೇಳಿದ ಹಾಗೆ ಎರಡನೇ ಹಾಳೆಯಲ್ಲಿ ಖಾಲಿ ಜಾಗಗಳು ಬೇರೆ ಕಡೆಗೆ ಹೋಗಿವೆ! ಟ್ಯಾಂಕ್ ನೋಡಿದರೆ ಲೈಟ್ ಸಯಾನ್ ಕೆಳಗಿನ ಗೆರೆಗಿಂತಲೂ ಕೆಳಗಿದೆ. ಆಫ್ ಮಾಡುವುದು ಗೋಡೆಯ ಸ್ವಿಚ್ಚಲ್ಲೇ. ರಾತ್ರಿ ಮಲಗುವ ಮುಂಚೆ ಅಮ್ಮ ಮನೆಯ ಸ್ವಿಚ್‌ಗಳನ್ನೆಲ್ಲ ಆಫ್ ಮಾಡುತ್ತಾರೆ. ಪೇಪರ್ ಸ್ಟೇಷನರಿ ಅಂಗಡಿಯದು, 180 ಜಿಎಸ್‌ಎಂ ಗ್ಲಾಸಿ.

ಟೂಲ್‌ಬಾಕ್ಸ್ · ಹುಬ್ಬಳ್ಳಿ

ನಿಮ್ಮ ಹೆಡ್ ಹೋಗಿಲ್ಲ. ಹೋಗಿದ್ದರೆ ಖಾಲಿ ಜಾಗ ಹಾಗೆ ಓಡಾಡುವುದಿಲ್ಲ.

ಕೆಂಪು ಮುಖಕ್ಕೂ ಗುಲಾಬಿ ಆಕಾಶಕ್ಕೂ ಕಾರಣ ಬಹುಪಾಲು ಇದೇ. ಚರ್ಮ, ಆಕಾಶದಂಥ ತೆಳು ಬಣ್ಣಗಳನ್ನು ಆರು ಬಣ್ಣದ ಪ್ರಿಂಟರ್ ಲೈಟ್ ಸಯಾನ್, ಲೈಟ್ ಮಜೆಂಟಾ (ತಿಳಿ ಗುಲಾಬಿ) ಬಳಸಿ ಮೂಡಿಸುತ್ತದೆ. ಲೈಟ್ ಸಯಾನ್ ಬೀಳದಿದ್ದರೆ ಮಜೆಂಟಾದ್ದೇ ಕಾರುಬಾರು. ಫೋಟೋ ಹೆಚ್ಚು ಹೊಡೆಯುವವರ ಮನೆಯಲ್ಲಿ ಮೊದಲು ಖಾಲಿಯಾಗುವುದೂ ಈ ಎರಡು ತಿಳಿ ಬಣ್ಣಗಳೇ. ಕಪ್ಪು ಟ್ಯಾಂಕ್ ತುಂಬಿದೆ ಅಂತ ಧೈರ್ಯವಾಗಿ ಕೂರಬಾರದು.

ಹೀಗೆ ಮಾಡಿ. ಲೈಟ್ ಸಯಾನನ್ನು ಮೇಲಿನ ಗೆರೆಯವರೆಗೆ ತುಂಬಿಸಿ, ಅದೇ ಮಾದರಿಗೆ ಹೇಳಿದ ಇಂಕ್ ಮಾತ್ರ. ಏನೂ ಪ್ರಿಂಟ್ ಮಾಡದೆ ರಾತ್ರಿಯಿಡೀ ಬಿಡಿ, 12 ಗಂಟೆ ಆದರೂ ಆಗಲಿ. ಕೊಳವೆಯೊಳಗಿನ ಗಾಳಿಗುಳ್ಳೆಗಳು ಅಷ್ಟರಲ್ಲಿ ತಾವಾಗಿಯೇ ಮೇಲೇರುತ್ತವೆ. ಬೆಳಿಗ್ಗೆ ಮೊದಲು ನಾಝಲ್ ಚೆಕ್, ಬೇಕಾದರೆ ಮಾತ್ರ ಒಂದು ಕ್ಲೀನಿಂಗ್, ಮತ್ತೆ ಚೆಕ್. ಮೂರು ಸಲ ಕೊಟ್ಟರೂ ಸರಿಯಾಗದಿದ್ದರೆ ನಿಲ್ಲಿಸಿ, ಮತ್ತೆ 12 ಗಂಟೆ ಬಿಡಿ. ಅದಕ್ಕೂ ಬಗ್ಗದಿದ್ದರೆ ಪವರ್ ಕ್ಲೀನಿಂಗ್ ಅಂತ ಒಂದಿದೆ. ಅದು ಕೊಳವೆಯಲ್ಲಿರುವ ಇಂಕನ್ನೆಲ್ಲ ಎಳೆದು ಹೊಸದು ತುಂಬಿಸುತ್ತದೆ. ತುಂಬಾ ಇಂಕ್ ಕುಡಿಯುತ್ತದೆ. ಎಲ್ಲ ಟ್ಯಾಂಕ್‌ಗಳಲ್ಲೂ ಮೂರನೇ ಒಂದು ಭಾಗವಾದರೂ ಇಂಕ್ ಇಲ್ಲದೆ ಅದನ್ನು ಮುಟ್ಟಬೇಡಿ. ಇಲ್ಲದಿದ್ದರೆ ಇನ್ನಷ್ಟು ಗಾಳಿ ಒಳಗೆ ಹೋಗುತ್ತದೆ.

ಗೋಡೆಯ ಸ್ವಿಚ್ ಬಗ್ಗೆ ಅಮ್ಮನಿಗೆ ಹೇಳಿಬಿಡಿ. ಪ್ರಿಂಟರಿನ ಬಟನ್ ಒತ್ತಿ ಆಫ್ ಮಾಡಿದರೆ ಹೆಡ್ ಬಲಗಡೆ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ, ಇಂಕ್ ಒಣಗುವುದಿಲ್ಲ. ಕೆಲಸದ ನಡುವೆ ಗೋಡೆಯಲ್ಲಿ ಆಫ್ ಮಾಡಿದರೆ ಹೆಡ್ ಎಲ್ಲಿತ್ತೋ ಅಲ್ಲೇ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಕರೆಂಟ್ ಹೋದಾಗಲೂ ಅದೇ ಕಥೆ. ಬಂದ ತಕ್ಷಣ ಒಮ್ಮೆ ಆನ್ ಮಾಡಿ, ಬಟನ್‌ನಲ್ಲೇ ಆಫ್ ಮಾಡಿ. ದೀಪ ಆರಿದ ಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿದರೆ ಏನೂ ತೊಂದರೆ ಇಲ್ಲ.

ಬಿಸಿಲನಾಡು · ಕಲಬುರಗಿ

ಇದಕ್ಕೆ ನಮ್ಮ ಕಡೆಯ ಅನುಭವವನ್ನೂ ಸೇರಿಸುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಗಾಳಿ ಒಣ ಬೇರೆ. ಎರಡು ವಾರ ಸುಮ್ನೆ ಬಿಟ್ಟರೆ ಪ್ರಿಂಟರ್ ಮುನಿಸಿಕೊಳ್ಳುತ್ತದೆ. ವಾರಕ್ಕೊಮ್ಮೆ ಎಲ್ಲ ಬಣ್ಣಗಳ ಪಟ್ಟಿ ಇರುವ ಒಂದು ಪುಟ ಹೊಡೆಯುತ್ತೇನೆ. ಬರೀ ಕಪ್ಪು ಅಕ್ಷರದ ಪುಟ ಹೊಡೆದರೆ ಉಪಯೋಗವಿಲ್ಲ, ಮಿಕ್ಕ ಬಣ್ಣ ಹೊರಗೇ ಬರುವುದಿಲ್ಲ ಅಲ್ವಾ. ಪ್ರಿಂಟರನ್ನು ಕಿಟಕಿ ಪಕ್ಕ, ಕೂಲರ್ ಗಾಳಿಗೆ ಎದುರು ಇಡಬೇಡಿ. ಮೇಲೊಂದು ಬಟ್ಟೆ ಹೊದಿಸಿ, ದೂಳಿಗೂ ಒಳ್ಳೆಯದು.

ಒಂದು ಸಂಶಯ ಟೂಲ್‌ಬಾಕ್ಸ್ ಅಣ್ಣಾರೆ. ಒಣಗಿದ ಹೆಡ್ಡಿಗೆ ಸಿರಿಂಜಿನಲ್ಲಿ ಸ್ಪಿರಿಟ್ ಹಾಕಿ ಒತ್ತುವ ವಿಡಿಯೋಗಳು ಬೇಕಾದಷ್ಟು ಇವೆ. ಗಾಜು ಒರೆಸುವ ದ್ರವ ಹಾಕುವವರೂ ಇದ್ದಾರೆ. ಮಾಡಬಹುದೇನ್ರಿ?

ಟೂಲ್‌ಬಾಕ್ಸ್ · ಹುಬ್ಬಳ್ಳಿ

ಬ್ಯಾಡ್ರಿ! ಹಾಗೆ ಒತ್ತಿ ಕೆಡಿಸಿಕೊಂಡ ಹೆಡ್‌ಗಳು ನನ್ನ ಟೇಬಲ್ಲಿಗೆ ಬರುತ್ತಲೇ ಇರುತ್ತವೆ. ಸಿರಿಂಜಿನ ಒತ್ತಡಕ್ಕೆ ಒಳಗಿನ ತೆಳು ಪದರಗಳು ಬಿಟ್ಟುಕೊಳ್ಳುತ್ತವೆ. ಹರಿದ ದ್ರವ ಹೆಡ್ಡಿನ ಪಟ್ಟಿ ಕೇಬಲ್ಲಿಗೆ ಹೋದರೆ ಶಾರ್ಟ್ ಆಗಿ ಮೈನ್ ಬೋರ್ಡೂ ಹೋಗುತ್ತದೆ. ಹೆಡ್ಡಿನ ಜೊತೆಗೆ ಬೋರ್ಡಿನ ಖರ್ಚು ಬೇರೆ.

ನಿಜವಾಗಿ ಒಣಗಿದ್ದರೆ ನಿಧಾನವಾಗಿ ನೆನೆಸುವುದೇ ದಾರಿ. ಡಿಸ್ಟಿಲ್ಡ್ ವಾಟರ್ ತನ್ನಿ. ಬೋರ್‌ವೆಲ್ ನೀರು, ನಲ್ಲಿ ನೀರು ಬೇಡ, ಅದರ ಉಪ್ಪಿನಂಶ ತೂತಿನಲ್ಲೇ ಕೂರುತ್ತದೆ. ನೂಲು ಬಿಡದ ಬಟ್ಟೆಯ ಸಣ್ಣ ಪಟ್ಟಿ ಮಡಿಸಿ, ತೊಟ್ಟಿಕ್ಕದಷ್ಟು ಒದ್ದೆ ಮಾಡಿ, ಹೆಡ್ಡಿನ ಕೆಳಗೆ ಬರುವಂತೆ ಇಟ್ಟು ಕೆಲವು ಗಂಟೆ ಬಿಡಿ. ಹೆಡ್ಡನ್ನು ಬಲವಂತವಾಗಿ ಎಳೆಯಬೇಡಿ, ಅದು ಸಡಿಲವಾಗಿ ಸರಿಯುವ ಸ್ಥಿತಿಯಲ್ಲಿದ್ದಾಗ ಪ್ಲಗ್ ತೆಗೆದು ಕೈಯಲ್ಲಿ ಸರಿಸಿ. ಆ ರಬ್ಬರ್ ಮುಚ್ಚಳದ ಅಂಚನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಅಲ್ಲಿ ಇಂಕ್ ಗಟ್ಟಿಯಾಗಿ ಕೂತಿದ್ದರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಹೀರುವ ಪಂಪಿಗೆ ಬಿಗಿ ಸಿಗುವುದಿಲ್ಲ. ಎಷ್ಟು ಕ್ಲೀನಿಂಗ್ ಕೊಟ್ಟರೂ ಸರಿಯಾಗದ ಪ್ರಿಂಟರ್‌ಗಳಲ್ಲಿ ಎಷ್ಟೋ ಸಲ ಹೆಡ್ ಚೆನ್ನಾಗಿಯೇ ಇರುತ್ತದೆ, ಈ ಮುಚ್ಚಳವೇ ಕೊಳೆಯಾಗಿರುತ್ತದೆ.

ಲೆಕ್ಕಾಚಾರ · ಬೆಂಗಳೂರು

ಇಲ್ಲೊಂದು ವಿಷಯ ಬಿಟ್ಟುಹೋಗಿದೆ. ಎಲ್ಲ ಹೆಡ್ಡೂ ಒಂದೇ ಅಲ್ಲ. ಎಪ್ಸನ್ ಪ್ರಿಂಟರ್‌ಗಳದ್ದು ಪೀಜೋ ಹೆಡ್. ಕರೆಂಟ್ ಕೊಟ್ಟರೆ ಬಾಗುವ ಸಣ್ಣ ಹರಳು ಇಂಕನ್ನು ಹೊರಗೆ ತಳ್ಳುತ್ತದೆ. ಕ್ಯಾನನ್, ಎಚ್‌ಪಿ ಮನೆ ಪ್ರಿಂಟರ್‌ಗಳದ್ದು ಬಿಸಿ ಮಾಡುವ ಹೆಡ್. ಇಂಕ್ ಕ್ಷಣಮಾತ್ರ ಕುದಿದು ಗುಳ್ಳೆ ಎದ್ದು ಹನಿ ಹಾರುತ್ತದೆ. 1977ರಲ್ಲಿ ಕ್ಯಾನನ್ ಪ್ರಯೋಗಾಲಯದಲ್ಲಿ ಇಂಕ್ ತುಂಬಿದ ಸಿರಿಂಜಿನ ಸೂಜಿಗೆ ಬಿಸಿ ಸೋಲ್ಡರಿಂಗ್ ಐರನ್ ತಗುಲಿ ಇಂಕ್ ಚಿಮ್ಮಿತಂತೆ, ಆ ವಿದ್ಯೆ ಹುಟ್ಟಿದ್ದು ಹಾಗೆ ಅಂತ ಕಂಪನಿಯೇ ಹೇಳಿಕೊಳ್ಳುತ್ತದೆ.

ಬಿಸಿ ಹೆಡ್ಡಿಗೆ ಅದರೊಳಗಿನ ಇಂಕೇ ತಂಪು ಕೊಡುವುದು. ಇಂಕ್ ಇಲ್ಲದೆ ಓಡಿಸಿದರೆ ಹೀಟರ್ ಸುಟ್ಟುಹೋಗುತ್ತದೆ. ಆದರೆ ಹಲವು ಮಾದರಿಗಳಲ್ಲಿ ಹೆಡ್ಡು ಕಾರ್ಟ್ರಿಜ್‌ನಲ್ಲೇ ಇರುತ್ತದೆ ಅಥವಾ ಬಿಚ್ಚಿ ಬದಲಾಯಿಸಬಹುದು. ಅಂಥ ಕಾರ್ಟ್ರಿಜ್ ಕಟ್ಟಿಕೊಂಡರೆ ಒದ್ದೆ ಟಿಶ್ಯೂ ಮೇಲೆ ಮೂತಿ ಊರಿ ಒಂದೆರಡು ನಿಮಿಷ ಇಟ್ಟರೆ ಸಾಕು. ಪೀಜೋ ಹೆಡ್ ಬಾಳಿಕೆ ಜಾಸ್ತಿ, ಕೆಟ್ಟರೆ ಖರ್ಚೂ ಜಾಸ್ತಿ.

ಇನ್ನೊಂದು ಮಾತು, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಮೂರು ತಿಂಗಳಿಗೊಮ್ಮೆ ಹತ್ತು ಫೋಟೋ ಹೊಡೆಯುವವರಿಗೆ ಮನೆಯಲ್ಲಿ ಇಂಕ್‌ಜೆಟ್ ಯಾಕೆ ಬೇಕು? ಇಂಕಿನ ಅರ್ಧಪಾಲು ಕ್ಲೀನಿಂಗಿಗೇ ಹೋಗುತ್ತದೆ. ಪೆನ್‌ಡ್ರೈವ್ ತೆಗೆದುಕೊಂಡು ಕಲರ್ ಲ್ಯಾಬಿಗೆ ಹೋದರೆ ಸಂಜೆಯೊಳಗೆ ಕೆಲಸ ಮುಗಿಯುತ್ತದೆ.

ಕತ್ತಲಕೋಣೆ · ಶಿವಮೊಗ್ಗ

ಸ್ಟುಡಿಯೋ ನಡೆಸಿದವನಾಗಿ ಈ ಮಾತಿಗೆ ಸಂತೋಷಪಡಬೇಕು, ಆದರೆ ಪೂರ್ತಿ ಒಪ್ಪುವುದಿಲ್ಲ. ಲ್ಯಾಬಿನಲ್ಲಿ ನಿಮ್ಮ ಅಜ್ಜಿಯ ಮೈಬಣ್ಣ ಹೇಗಿರಬೇಕು ಅಂತ ಯಾರೂ ಕೇಳುವುದಿಲ್ಲ. ಎಲ್ಲರನ್ನೂ ಬೆಳ್ಳಗೆ ಮಾಡಿ ಕೊಡುತ್ತಾರೆ. ಮನೆಯಲ್ಲಿ ಆದರೆ ಸರಿಯಾಗುವವರೆಗೆ ತಿದ್ದಬಹುದು. ಆದರೆ ಅಪರೂಪಕ್ಕೆ ಹೊಡೆಯುವವರಿಗೆ ಇಂಕ್‌ಜೆಟ್ ಬೇಡ ಅನ್ನುವುದು ಸರಿಯೇ.

ಗೊಂಬೆಮನೆ ಅವರೇ, ಗೆರೆ ಹೋದ ಮೇಲೂ ನಿಮ್ಮ ಬಣ್ಣ ಪೂರ್ತಿ ಸರಿಹೋಗುವುದಿಲ್ಲ ಅಂತ ನನ್ನ ಊಹೆ. ಪ್ರಿಂಟ್ ಕೊಡುವಾಗ ಪೇಪರ್ ಟೈಪ್ ಅಂತ ಒಂದು ಪಟ್ಟಿ ಬರುತ್ತದೆ ನೋಡಿ, ಅಲ್ಲಿ ಏನು ಆರಿಸುತ್ತೀರಿ? ಮತ್ತೆ ಫೋಟೋವನ್ನು ಯಾವುದರಿಂದ ಪ್ರಿಂಟ್ ಕೊಡುತ್ತೀರಿ?

ಗೊಂಬೆಮನೆ · ಮೈಸೂರು

ಮೊದಲು ಒಳ್ಳೆಯ ಸುದ್ದಿ. ಇಂಕ್ ತುಂಬಿಸಿ ರಾತ್ರಿ ಬಿಟ್ಟು, ಬೆಳಿಗ್ಗೆ ಒಂದು ಕ್ಲೀನಿಂಗ್ ಕೊಟ್ಟೆ. ನಾಝಲ್ ಚೆಕ್ ಈಗ ಪೂರ್ತಿ ಬಂದಿದೆ, ಬಿಳಿ ಗೆರೆ ಒಂದೂ ಇಲ್ಲ. ಟೂಲ್‌ಬಾಕ್ಸ್ ಸರ್, ಮೈಸೂರಿಗೆ ಬಂದರೆ ಮಸಾಲೆ ದೋಸೆ ನನ್ನ ಕಡೆಯಿಂದ.

ಕತ್ತಲಕೋಣೆ ಸರ್ ಅಂದದ್ದೂ ನಿಜ. ಆಕಾಶ ನೀಲಿಯಾಯಿತು, ಮುಖ ಮಾತ್ರ ಇನ್ನೂ ಸ್ವಲ್ಪ ಕೆಂಪು. ಪೇಪರ್ ಟೈಪ್ ಪ್ಲೇನ್ ಪೇಪರ್ ಅಂತಲೇ ಇದೆ, ನಾನು ಮುಟ್ಟಿಲ್ಲ. ಫೋಟೋಶಾಪ್‌ನಿಂದ ಪ್ರಿಂಟ್ ಕೊಡುತ್ತೇನೆ.

ಕತ್ತಲಕೋಣೆ · ಶಿವಮೊಗ್ಗ

ಪೇಪರ್ ಟೈಪ್ ಅಂದರೆ ಸುಮ್ನೆ ಹೆಸರಲ್ಲ. ಎಷ್ಟು ಇಂಕ್ ಬೀಳಬೇಕು, ಯಾವ ಯಾವ ಬಣ್ಣ ಬೆರೆಯಬೇಕು, ಹೆಡ್ ಎಷ್ಟು ನಿಧಾನ ಓಡಬೇಕು, ಎಲ್ಲವೂ ಅದರಿಂದಲೇ ತೀರ್ಮಾನವಾಗುತ್ತದೆ. ಪ್ಲೇನ್ ಪೇಪರ್ ಅಂತ ಇದ್ದರೆ ನಿಮ್ಮ ಗ್ಲಾಸಿ ಹಾಳೆಯನ್ನು ಜೆರಾಕ್ಸ್ ಹಾಳೆ ಅಂತಲೇ ತಿಳಿದು ಹೊಡೆಯುತ್ತದೆ. ಅಂಗಡಿ ಪೇಪರಿನ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ. ಫೋಟೋ ಪೇಪರ್ ಗ್ಲಾಸಿ ಅಂತ ಏನಿದೆಯೋ ಅದನ್ನು ಆರಿಸಿ, ಒಂದು ಸಣ್ಣ ಫೋಟೋ ಹೊಡೆದು ನೋಡಿ. ಇಂಕ್ ಜಾಸ್ತಿ ಬಿದ್ದು ಹೊಳೆಯುತ್ತಾ ನಿಂತರೆ ಮ್ಯಾಟ್ ಅಂತ ಆರಿಸಿ ನೋಡಿ. ಯಾವುದು ಹೊಂದುತ್ತದೋ ಅದನ್ನು ಪೇಪರ್ ಪ್ಯಾಕೆಟ್ ಮೇಲೆ ಬರೆದಿಟ್ಟುಕೊಳ್ಳಿ.

ಎರಡನೆಯದು ಫೋಟೋಶಾಪ್. ಪ್ರಿಂಟ್ ಕಿಟಕಿಯಲ್ಲಿ ಬಣ್ಣದ ಯಜಮಾನ ಯಾರು ಅಂತ ಕೇಳುತ್ತದೆ: ಪ್ರಿಂಟರೋ ಫೋಟೋಶಾಪೋ. ಫೋಟೋಶಾಪ್ ಅಂತ ಆರಿಸಿ, ಕಂಪ್ಯೂಟರಿನಲ್ಲಿ ಪ್ರಿಂಟರನ್ನು ಓಡಿಸುವ ಸಾಫ್ಟ್‌ವೇರಾದ ಪ್ರಿಂಟರ್ ಡ್ರೈವರ್‌ನಲ್ಲೂ ಬಣ್ಣದ ತಿದ್ದುಪಡಿ ಆನ್ ಇದ್ದರೆ ಎರಡು ಸಲ ತಿದ್ದಿದ ಹಾಗೆ ಆಗುತ್ತದೆ. ಹೀಗಾದಾಗ ಚರ್ಮ ಮಜೆಂಟಾ ಕಡೆಗೆ ವಾಲುವುದು ಮಾಮೂಲು. ಒಂದು ಅಡುಗೆಗೆ ಇಬ್ಬರು ಉಪ್ಪು ಹಾಕಿದ ಹಾಗೆ. ನಿಮ್ಮ ಪೇಪರಿಗೆ ಪ್ರೊಫೈಲ್ ಫೈಲ್ (ಆ ಪೇಪರಿನ ಮೇಲೆ ಬಣ್ಣ ಹೇಗೆ ಮೂಡುತ್ತದೆ ಅಂತ ಹೇಳುವ ಫೈಲ್) ಇಲ್ಲದಿದ್ದರೆ ಪ್ರಿಂಟರಿಗೇ ಬಿಡಿ. ಪ್ರೊಫೈಲ್ ಇದ್ದರೆ ಫೋಟೋಶಾಪ್ ನೋಡಿಕೊಳ್ಳಲಿ, ಡ್ರೈವರ್‌ನಲ್ಲಿ ಕಲರ್ ಅಡ್ಜಸ್ಟ್‌ಮೆಂಟ್ ಆಫ್ ಮಾಡಿ.

ಪ್ರಿಂಟ್ ಕಪ್ಪಾಗಿ ಬರುವುದು ಪ್ರಿಂಟರ್ ತಪ್ಪಲ್ಲ. ಮೊಬೈಲ್ ಪರದೆ ತಾನೇ ಬೆಳಗುತ್ತದೆ, ಪೇಪರ್ ಬೆಳಗುವುದಿಲ್ಲ. ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಬಿಳುಪು ಕಂಡಾಗ ಫೋಟೋ ತಿದ್ದಿ. ಪ್ರಿಂಟನ್ನು ಹಗಲಿನ ಬೆಳಕಿನಲ್ಲಿ ನೋಡಿ ತೀರ್ಮಾನ ಮಾಡಿ, ಹಳದಿ ಬಲ್ಬಿನ ಕೆಳಗೆ ಎಲ್ಲ ಮುಖವೂ ಅರಿಶಿನ ಹಚ್ಚಿದಂತೆಯೇ ಕಾಣುತ್ತದೆ.

ಕಡಲತಡಿ · ಉಡುಪಿ

ಒಳ್ಳೆಯ ಮಾಹಿತಿ ಮಾರಾಯ್ರೆ! ನನ್ನ ಕಥೆ ಸ್ವಲ್ಪ ಬೇರೆ. ನಾಲ್ಕು ಬಣ್ಣದ ಟ್ಯಾಂಕ್ ಪ್ರಿಂಟರ್. ಹುಟ್ಟುಹಬ್ಬದ ಫೋಟೋ ಕಾರ್ಡ್ ಮಾಡಿ ಮಾರುತ್ತೇನೆ. ಗ್ಲಾಸಿ ಪೇಪರಿನಲ್ಲಿ ಕಪ್ಪು ಬಣ್ಣ ಒಣಗುವುದೇ ಇಲ್ಲ, ಒಂದು ದಿನ ಬಿಟ್ಟರೂ ಬೆರಳಿಗೆ ಹತ್ತುತ್ತದೆ. ಕೂದಲು, ಕಪ್ಪು ಸೀರೆ ಇರುವ ಫೋಟೋ ಎಲ್ಲ ಹಾಳು. ಮಳೆಗಾಲದಲ್ಲಂತೂ ಪೇಪರ್ ಸುರುಳಿ ಸುತ್ತುತ್ತದೆ, ಎರಡೆರಡು ಹಾಳೆ ಒಟ್ಟಿಗೆ ಎಳೆಯುತ್ತದೆ.

ಟೂಲ್‌ಬಾಕ್ಸ್ · ಹುಬ್ಬಳ್ಳಿ

ಅಕ್ಕಾ, ನಿಮ್ಮ ಪೇಪರ್ ಟೈಪೂ ಪ್ಲೇನ್ ಅಂತ ಇರಬೇಕು ನೋಡಿ. ನಾಲ್ಕು ಬಣ್ಣದ ಬಹಳಷ್ಟು ಪ್ರಿಂಟರ್‌ಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್ ಇಂಕ್, ಮಿಕ್ಕ ಮೂರು ಡೈ ಇಂಕ್. ಪಿಗ್ಮೆಂಟ್ ಅಂದರೆ ನೀರಿನಲ್ಲಿ ತೇಲುವ ಪುಡಿ, ಡೈ ಅಂದರೆ ಕರಗಿದ ಬಣ್ಣ. ಪಿಗ್ಮೆಂಟ್ ಸಾದಾ ಹಾಳೆಯ ನಾರಿನಲ್ಲಿ ಚೆನ್ನಾಗಿ ಕೂರುತ್ತದೆ, ಅಕ್ಷರ ಗಟ್ಟಿಯಾಗಿ ಬರುತ್ತದೆ. ಅಗ್ಗದ ಗ್ಲಾಸಿ ಲೇಪನದೊಳಗೆ ಆ ಪುಡಿ ಇಳಿಯುವುದಿಲ್ಲ, ಮೇಲೆಯೇ ನಿಲ್ಲುತ್ತದೆ. ಫೋಟೋ ಪೇಪರ್ ಅಂತ ಹೇಳಿದರೆ ಪ್ರಿಂಟರ್ ಆ ಕಪ್ಪನ್ನು ಬಿಟ್ಟು ಮೂರು ಬಣ್ಣ ಬೆರೆಸಿ ಕಪ್ಪು ಮಾಡುತ್ತದೆ. ಕಪ್ಪು ಸ್ವಲ್ಪ ಕಂದು ಅನ್ನಿಸಬಹುದು, ಆದರೆ ಒಣಗುತ್ತದೆ.

ಹಾಳೆಯ ಯಾವ ಬದಿಗೆ ಹೊಡೆಯುತ್ತಿದ್ದೀರಿ ಅಂತಲೂ ನೋಡಿ. ಬೆರಳ ತುದಿ ಒದ್ದೆ ಮಾಡಿ ಹಾಳೆಯ ಮೂಲೆ ಹಿಡಿಯಿರಿ, ಸ್ವಲ್ಪ ಅಂಟುವ ಬದಿಯೇ ಲೇಪನದ ಬದಿ. ಇನ್ನೂ ಒಂದು: ಲೇಸರ್ ಪ್ರಿಂಟರಿನ ಗ್ಲಾಸಿ ಪೇಪರ್ ಕೂಡ ಅಂಗಡಿಯಲ್ಲಿ ಪಕ್ಕದಲ್ಲೇ ಇರುತ್ತದೆ. ಅದಕ್ಕೆ ಇಂಕ್ ಹಿಡಿಯುವ ಲೇಪನ ಇಲ್ಲ, ಏನು ಮಾಡಿದರೂ ಒಣಗುವುದಿಲ್ಲ. ಪ್ಯಾಕೆಟ್ ಮೇಲೆ ಇಂಕ್‌ಜೆಟ್ ಅಂತ ಇದೆಯಾ ನೋಡಿಯೇ ತೆಗೆದುಕೊಳ್ಳಿ.

ಕಡಲತಡಿ · ಉಡುಪಿ

ಹೌದು, ಪ್ಲೇನ್ ಅಂತಲೇ ಇತ್ತು. ಬದಲಾಯಿಸಿದೆ, ಕಪ್ಪು ಒಣಗಿತು! ಸೀರೆ ಮಾತ್ರ ನೀವು ಹೇಳಿದ ಹಾಗೆ ಸ್ವಲ್ಪ ಕಂದು, ಆದರೆ ಗಿರಾಕಿಗಳಿಗೆ ಗೊತ್ತಾಗುವಷ್ಟಿಲ್ಲ. ಇನ್ನು ಮಳೆಗಾಲದ ಪೇಪರ್ ಸಮಸ್ಯೆಗೆ ಏನಾದರೂ ಉಪಾಯ ಹೇಳಿ.

ಕತ್ತಲಕೋಣೆ · ಶಿವಮೊಗ್ಗ

ಮಲೆನಾಡಿನವರಿಗೂ ಕರಾವಳಿಯವರಿಗೂ ಇದೊಂದು ಜಂಟಿ ಪೀಡೆ. ಫೋಟೋ ಪೇಪರಿನ ಒಂದು ಬದಿಗೆ ಲೇಪನ, ಇನ್ನೊಂದು ಬದಿ ಬರೀ ಕಾಗದ. ತೇವ ಹೀರಿದಾಗ ಎರಡೂ ಒಂದೇ ಸಮನೆ ಹಿಗ್ಗುವುದಿಲ್ಲ, ಸುರುಳಿ ಬರುತ್ತದೆ. ಟ್ರೇಯಲ್ಲಿ ಪೇಪರ್ ಬಿಟ್ಟು ಮಲಗಬೇಡಿ. ಬೇಕಾದಷ್ಟೇ ಹಾಳೆ ಹಾಕಿ, ಮಿಕ್ಕದ್ದನ್ನು ಜಿಪ್ ಇರುವ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿ, ದಪ್ಪ ಪುಸ್ತಕದ ಕೆಳಗೆ ಇಡಿ. ಹೊಸ ಶೂ, ಬ್ಯಾಗ್ ಜೊತೆ ಬರುವ ಆ ಪೊಟ್ಟಣಗಳನ್ನು ಎಸೆಯದೆ ಕೂಡಿಡಿ. ಟ್ರೇಗೆ ಹಾಕುವ ಮುಂಚೆ ಹಾಳೆಗಳ ಅಂಚನ್ನು ಇಸ್ಪೀಟ್ ಎಲೆ ಹಾಗೆ ಒಮ್ಮೆ ಬಿಡಿಸಿಕೊಳ್ಳಿ.

ಎರಡು ಹಾಳೆ ಒಟ್ಟಿಗೆ ಎಳೆಯುವುದು ತೇವದಿಂದ. ಒಂದೂ ಎಳೆಯದೆ ಜಾರಿದರೆ ರೋಲರ್ ಮೇಲೆ ಪೇಪರಿನ ದೂಳು ಕೂತಿದೆ, ಒದ್ದೆ ಬಟ್ಟೆಯಲ್ಲಿ ರೋಲರನ್ನು ತಿರುಗಿಸುತ್ತಾ ಒರೆಸಿ. ಫೋಟೋ ಹಿಂಬದಿಗೆ ಇಂಕ್ ಮೆತ್ತಿಕೊಂಡು ಬರುತ್ತಿದ್ದರೆ ಅದು ಅಂಚು ಬಿಡದೆ ಹಾಳೆ ತುಂಬಾ ಹೊಡೆಯುವ ಬಾರ್ಡರ್‌ಲೆಸ್ ಪ್ರಿಂಟಿನ ಕೊಡುಗೆ. ಅಂಚಿನಾಚೆ ಬಿದ್ದ ಇಂಕ್ ಒಳಗಿನ ಸ್ಪಂಜಿನ ಮೇಲೆ ಕೂರುತ್ತದೆ, ಅದು ತುಂಬಿದರೆ ಹಾಳೆಗೆ ತಾಗುತ್ತದೆ.

ಪ್ರಿಂಟ್‌ಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಫ್ರೇಮ್ ಹಾಕುವ ಮುಂಚೆ 24 ಗಂಟೆ ಹರಡಿ ಒಣಗಿಸಿ. ಬೇಗ ಹಾಕಿದರೆ ಗಾಜಿನ ಒಳಗೆ ಮಂಜು ಕಟ್ಟಿದ ಹಾಗೆ ಆಗುತ್ತದೆ. ಡೈ ಇಂಕಿನ ಫೋಟೋವನ್ನು ಗಾಜಿಲ್ಲದೆ ಗಾಳಿ, ಬಿಸಿಲು ಬೀಳುವ ಗೋಡೆಗೆ ಅಂಟಿಸಿದರೆ ಬಣ್ಣ ಬೇಗ ಮಾಸುತ್ತದೆ.

ಬಿಸಿಲನಾಡು · ಕಲಬುರಗಿ

ನನ್ನದೊಂದು ಹಳೇ ಪ್ರಿಂಟರ್ ಇದ್ದಕ್ಕಿದ್ದಂತೆ ಎರಡು ಕೆಂಪು ದೀಪ ಮಿಣುಕಿಸಿ ನಿಂತಿದೆ. ಇಂಕ್ ಪ್ಯಾಡ್ ತುಂಬಿದೆ ಅಂತ ಸಂದೇಶ. ಅಂತರ್ಜಾಲದಲ್ಲಿ ರಿಸೆಟ್ ಸಾಫ್ಟ್‌ವೇರ್ ಬಿಟ್ಟಿ ಸಿಗುತ್ತದಂತೆ. ಹಾಕಿಬಿಡಲೇನ್ರಿ?

ಟೂಲ್‌ಬಾಕ್ಸ್ · ಹುಬ್ಬಳ್ಳಿ

ತಡ್ಕೊಳ್ರಿ. ಕ್ಲೀನಿಂಗಿನಲ್ಲಿ ಹೊರಬಂದ ಇಂಕೆಲ್ಲ ಪ್ರಿಂಟರ್ ತಳದ ಹತ್ತಿಯಂಥ ಪ್ಯಾಡಿಗೆ ಹೋಗುತ್ತದೆ. ಎಷ್ಟು ಹೋಯಿತು ಅಂತ ಪ್ರಿಂಟರ್ ಒಳಗೇ ಲೆಕ್ಕ ಇಡುತ್ತದೆ. ಮಿತಿ ಮುಟ್ಟಿದಾಗ ನಿಲ್ಲುತ್ತದೆ. ರಿಸೆಟ್ ಮಾಡಿದರೆ ಲೆಕ್ಕ ಮಾತ್ರ ಸೊನ್ನೆಯಾಗುತ್ತದೆ, ಪ್ಯಾಡ್ ತುಂಬಿಯೇ ಇರುತ್ತದೆ. ಕೆಲವು ವಾರದಲ್ಲಿ ಟೇಬಲ್ ಮೇಲೆ, ಅಲ್ಲಿಂದ ನೆಲದ ಮೇಲೆ ಇಂಕ್ ಹರಿಯುತ್ತದೆ. ಬಿಳಿ ಟೈಲ್ಸ್ ಇದ್ದರೆ ಮನೆಯವರಿಂದ ಬೈಸಿಕೊಳ್ಳಲು ಸಿದ್ಧರಾಗಿ. ಬಿಟ್ಟಿ ಸಾಫ್ಟ್‌ವೇರ್ ಜೊತೆ ವೈರಸ್ ಬರುವುದೂ ಹೊಸತಲ್ಲ.

ಪ್ಯಾಡ್ ಬದಲಾಯಿಸಿ ಆಮೇಲೆ ರಿಸೆಟ್ ಮಾಡಿಸಬೇಕು. ಸರ್ವಿಸ್ ಸೆಂಟರಿನಲ್ಲಿ ಎರಡೂ ಒಟ್ಟಿಗೆ ಮಾಡುತ್ತಾರೆ. ಈಚಿನ ಹಲವು ಮಾದರಿಗಳಲ್ಲಿ ಮೆಂಟೆನೆನ್ಸ್ ಬಾಕ್ಸ್ ಅಂತ ಡಬ್ಬಿಯೇ ಇರುತ್ತದೆ, ನೀವೇ ತೆಗೆದು ಹೊಸದು ಹಾಕಬಹುದು. ಹೊಸ ಪ್ರಿಂಟರ್ ಕೊಳ್ಳುವವರು ಇದನ್ನು ಕೇಳಿಯೇ ಕೊಳ್ಳಿ. ಅಂಗಡಿಯವರು ತಾವಾಗಿ ಹೇಳುವುದಿಲ್ಲ.

ಗೊಂಬೆಮನೆ · ಮೈಸೂರು

ಪೇಪರ್ ಟೈಪ್ ಬದಲಾಯಿಸಿ, ಬಣ್ಣದ ಉಸ್ತುವಾರಿ ಪ್ರಿಂಟರಿಗೇ ಕೊಟ್ಟೆ. ಮಗುವಿನ ಮುಖ ಈಗ ಮಗುವಿನ ಮುಖದ ಹಾಗೇ ಇದೆ. ಒಂದೇ ಬೇಸರ, 4x6 ಬಾರ್ಡರ್‌ಲೆಸ್ ಹೊಡೆದರೆ ಅಜ್ಜನ ಪೇಟದ ತುದಿ ಕತ್ತರಿಸಿ ಹೋಗುತ್ತದೆ. ಮತ್ತೆ ಚಿಕ್ಕಪ್ಪ ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ಎ4ಗೆ ಹೊಡೆದರೆ ಮಸುಕು.

ಲೆಕ್ಕಾಚಾರ · ಬೆಂಗಳೂರು

ಮೊಬೈಲ್ ಫೋಟೋ ಸಾಮಾನ್ಯವಾಗಿ 4:3 ಅಳತೆಯದು, 4x6 ಪೇಪರ್ 3:2. ಆ ಹಾಳೆಗೆ ಹೊಂದಿಸಬೇಕು ಅಂದರೆ ಉದ್ದದ ಬದಿಯಲ್ಲಿ ಬಿಳಿ ಜಾಗ ಉಳಿಯಬೇಕು ಅಥವಾ ಹಾಳೆ ತುಂಬಲು ಅಗಲದ ಬದಿಯಲ್ಲಿ ಏನಾದರೂ ಕತ್ತರಿಸಬೇಕು. ಬಾರ್ಡರ್‌ಲೆಸ್‌ನಲ್ಲಿ ಚಿತ್ರವನ್ನು ಇನ್ನಷ್ಟು ಹಿಗ್ಗಿಸಿ ಅಂಚಿನಾಚೆ ಚೆಲ್ಲುತ್ತದೆ. ಮೊದಲೇ 3:2ಕ್ಕೆ ನೀವೇ ಕ್ರಾಪ್ ಮಾಡಿ, ತಲೆಯ ಮೇಲೆ ಜಾಗ ಬಿಡಿ. ಡ್ರೈವರ್‌ನಲ್ಲಿ ಹಿಗ್ಗಿಸುವ ಪ್ರಮಾಣ ಕಡಿಮೆ ಮಾಡುವ ಆಯ್ಕೆಯೂ ಇರುತ್ತದೆ.

ಒಂದು ಇಂಚಿಗೆ 300 ಪಿಕ್ಸೆಲ್ ಅಂತ ಲೆಕ್ಕ ಹಾಕಿ. 4x6 ಇಂಚಿಗೆ 1200x1800 ಸಾಕು. ಎ4ಗೆ ಸುಮಾರು 2480x3508 ಬೇಕು. ವಾಟ್ಸಾಪ್ ಮಾಮೂಲಾಗಿ ಕಳಿಸುವಾಗ ಫೋಟೋವನ್ನು ಕುಗ್ಗಿಸುತ್ತದೆ, ಅದು 4x6ಗೆ ಹೇಗೋ ನಡೆಯುತ್ತದೆ, ಎ4ಗೆ ಇಲ್ಲ. ಚಿಕ್ಕಪ್ಪನಿಗೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಹಾಂ, ಪಾಸ್‌ಪೋರ್ಟ್ ಅಳತೆ ಫೋಟೋ ಮನೆಯಲ್ಲೇ ಮಾಡುವವರಿಗೆ: 35x45 ಮಿ.ಮೀ. ಫೋಟೋಗಳನ್ನು ಅಡ್ಡ ಮಲಗಿಸಿ ಜೋಡಿಸಿದರೆ ಒಂದು 4x6 ಹಾಳೆಯಲ್ಲಿ 8 ಹಿಡಿಯುತ್ತವೆ. ಪ್ರಿಂಟ್ ಕೊಡುವಾಗ 'ಹಾಳೆಗೆ ಹೊಂದಿಸು' ಅನ್ನುವ ಆಯ್ಕೆ ಆಫ್ ಇರಲಿ, ಬಾರ್ಡರ್‌ಲೆಸ್ ಕೂಡ ಬೇಡ. ಅಳತೆ ತಪ್ಪಿದ ಫೋಟೋವನ್ನು ಕಚೇರಿಯಲ್ಲಿ ವಾಪಸ್ ಕೊಡುತ್ತಾರೆ.

ಪೇಡಾಪ್ರಿಯ · ಧಾರವಾಡ

ನನ್ನದು ಇಂಕೇ ಇಲ್ಲದ ಪುಟ್ಟ ಪ್ರಿಂಟರ್, ಡೈ ಸಬ್ಲಿಮೇಷನ್. ಅಂದರೆ ರಿಬ್ಬನ್ನಿನಲ್ಲಿರುವ ಬಣ್ಣವನ್ನು ಬಿಸಿಯಿಂದ ಹಾಳೆಗೆ ಇಳಿಸುವಂಥದ್ದು. ಲೆಕ್ಕಾಚಾರ ಅವರು ಹೇಳಿದ ಅಪರೂಪದ ಗಿರಾಕಿಗಳಿಗೆ ಇದು ಒಳ್ಳೆಯದು. ತಿಂಗಳುಗಟ್ಟಲೆ ಮುಟ್ಟದಿದ್ದರೂ ಒಣಗುವುದಕ್ಕೆ ಏನೂ ಇಲ್ಲ. ಹಳದಿ, ಮಜೆಂಟಾ, ಸಯಾನ್, ಕೊನೆಗೆ ಮೇಲಿನ ಪಾರದರ್ಶಕ ಪದರ ಅಂತ ಹಾಳೆ ನಾಲ್ಕು ಸಲ ಒಳಗೆ ಹೋಗಿ ಬರುತ್ತದೆ.

ಇದಕ್ಕೂ ಅದರದೇ ಕಾಟ ಇದೆ. ಫೋಟೋ ಮೇಲೆ ಬಿಳಿ ಚುಕ್ಕೆ ಬಂದರೆ ದೂಳು. ಹಾಳೆಯ ಮೇಲಿನ ಒಂದು ಕಣವೂ ಬಣ್ಣ ತಾಗದಂತೆ ತಡೆಯುತ್ತದೆ. ರಿಬ್ಬನ್ ಡಬ್ಬಿಯನ್ನು ಹೊರಗೆ ಬಿಡಬೇಡಿ, ಹಾಳೆಯ ಹೊಳೆಯುವ ಬದಿಗೆ ಬೆರಳು ತಾಗಿಸಬೇಡಿ. ಹಾಳೆ ಪ್ರಿಂಟರಿನ ಹಿಂದಿನಿಂದ ಹೊರಗೆ ಚಾಚುತ್ತದೆ, ಗೋಡೆಗೆ ಒತ್ತಿ ಇಟ್ಟರೆ ಸಿಕ್ಕಿಕೊಳ್ಳುತ್ತದೆ. ರಿಬ್ಬನ್ ಸಡಿಲವಾಗಿದ್ದರೆ ಗಾಲಿ ತಿರುಗಿಸಿ ಬಿಗಿ ಮಾಡಿ ಹಾಕಿ.

ಬಳಸಿದ ರಿಬ್ಬನ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ನೀವು ಹೊಡೆದ ಪ್ರತಿ ಫೋಟೋ ಅದರಲ್ಲಿ ನೆಗೆಟಿವ್ ಹಾಗೆ ಉಳಿದಿರುತ್ತದೆ. ಗುರುತಿನ ಚೀಟಿ ಫೋಟೋ, ಮನೆ ಮಕ್ಕಳ ಫೋಟೋ ಹೊಡೆದಿದ್ದರೆ ರಿಬ್ಬನ್ನನ್ನು ಹಾಗೇ ಕಸಕ್ಕೆ ಹಾಕಬೇಡಿ. ಕತ್ತರಿಸಿ ಹಾಕಿ.

ಕಡಲತಡಿ · ಉಡುಪಿ

ಅಬ್ಬಾ, ಇದು ಗೊತ್ತೇ ಇರಲಿಲ್ಲ! ನನ್ನದೊಂದು ಕೊನೆಯ ಪ್ರಶ್ನೆ. ಪ್ರಿಂಟರ್ ಆಗಾಗ ಆಫ್‌ಲೈನ್ ಅಂತ ತೋರಿಸುತ್ತದೆ. ಮತ್ತೆ ಮುಂದಿನ ತಿಂಗಳು ಮನೆ ಬದಲಾಯಿಸುತ್ತಿದ್ದೇವೆ, ಟ್ಯಾಂಕ್ ತುಂಬಾ ಇಂಕ್ ಇದೆ. ಹೇಗೆ ಸಾಗಿಸುವುದು?

ಟೂಲ್‌ಬಾಕ್ಸ್ · ಹುಬ್ಬಳ್ಳಿ

ಆಫ್‌ಲೈನ್ ಬಗ್ಗೆ: ಬಹಳ ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಸಿಗುತ್ತದೆ, ರೂಟರಿನಲ್ಲಿ ಅದು ಆನ್ ಇದೆಯಾ ನೋಡಿ. ಕಂಪ್ಯೂಟರೂ ಪ್ರಿಂಟರೂ ಒಂದೇ ರೂಟರಿನಲ್ಲಿ ಇರಬೇಕು. ರೂಟರ್ ಸೆಟ್ಟಿಂಗ್‌ನಲ್ಲಿ ಪ್ರಿಂಟರಿಗೆ ಒಂದೇ ಐಪಿ (ನೆಟ್‌ವರ್ಕ್ ವಿಳಾಸ) ಖಾಯಂ ಮಾಡಿದರೆ ಈ ಕಾಟ ಬಹುಪಾಲು ತಪ್ಪುತ್ತದೆ. ಅವಸರವಿದ್ದರೆ ಯುಎಸ್‌ಬಿ ಕೇಬಲ್ ಹಾಕಿ, ನಾನಂತೂ ಅದನ್ನೇ ನಂಬುವವನು.

ಸಾಗಿಸಲು: ಬಟನ್‌ನಲ್ಲಿ ಆಫ್ ಮಾಡಿ, ಹೆಡ್ ಬಲಮೂಲೆಯಲ್ಲಿ ಕೂತಿದೆಯಾ ನೋಡಿ. ಟ್ರಾನ್ಸ್‌ಪೋರ್ಟ್ ಲಾಕ್ (ಸಾಗಿಸುವಾಗ ಇಂಕ್ ಹರಿಯದಂತೆ ತಡೆಯುವ ಗುಂಡಿ) ಇರುವ ಮಾದರಿಯಾದರೆ ಆ ಸ್ಥಾನಕ್ಕೆ ತಿರುಗಿಸಿ. ಟ್ಯಾಂಕಿನ ಮುಚ್ಚಳಗಳನ್ನು ಬಿಗಿ ಮಾಡಿ, ಇಡೀ ಪ್ರಿಂಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಡಬ್ಬಿಗೆ ಇಳಿಸಿ. ಲಾರಿಯವರು ಅಡ್ಡ ಮಲಗಿಸುತ್ತಾರೆ, ಆದ್ದರಿಂದ ನಿಮ್ಮ ಜೊತೆ ಕಾರಿನಲ್ಲೇ ನೆಟ್ಟಗೆ ಇಟ್ಟುಕೊಂಡು ಹೋಗಿ ಅಕ್ಕಾ. ಹೊಸ ಮನೆಯಲ್ಲಿ ಲಾಕ್ ವಾಪಸ್ ತಿರುಗಿಸಿ, ಒಂದು ನಾಝಲ್ ಚೆಕ್ ತೆಗೆಯಿರಿ. ಗೆರೆ ಪೂರ್ತಿ ಬಂದಿದ್ದರೆ ಕ್ಲೀನಿಂಗ್ ಬಟನ್ ಮುಟ್ಟಬೇಡಿ.